ಫೋರ್ಕ್‌ಲಿಫ್ಟ್ ಭಾರ ಎತ್ತುತ್ತಿಲ್ಲವೇ? ವಾಲ್ವ್ ಸ್ಕ್ರೂ ಮುಟ್ಟುವ ಮೊದಲು ಎಣ್ಣೆ ನೋಡಿ

ಕಾರವಾರದ ಬೈತಖೋಲ ಬಂದರಿನಲ್ಲಿ ಐಸ್ ಬಾಕ್ಸ್ ಎತ್ತುವ ಗಾಡಿಯಾಗಲಿ, ಶಿರಸಿಯ ಅಡಿಕೆ ಗೋದಾಮಿನಲ್ಲಿ ಚೀಲ ಸಾಗಿಸುವ ಗಾಡಿಯಾಗಲಿ, ಲಿಫ್ಟ್ ನಿಧಾನವಾದ ಕೂಡಲೇ ಮೆಕ್ಯಾನಿಕ್‌ಗೆ ಕೇಳಿಸುವ ಮೊದಲ ಮಾತು ಒಂದೇ: "ಅಣ್ಣಾ, ಪ್ರೆಶರ್ ಸ್ವಲ್ಪ ಟೈಟ್ ಮಾಡಿಕೊಡು." ಪ್ರೆಶರ್ ಹೊಂದಿಸುವ ವಾಲ್ವ್ ಸ್ಕ್ರೂ ಅರ್ಧ ಸುತ್ತು ತಿರುಗುತ್ತದೆ. ಎರಡು ದಿನ ಗಾಡಿ ಚೆನ್ನಾಗಿ ಎತ್ತುತ್ತದೆ. ಮೂರನೇ ದಿನ ಹೋಸ್ ಬಿರಿಯುತ್ತದೆ, ಇಲ್ಲವೇ ಪಂಪ್ ಕೂಗಲು ಶುರು ಮಾಡುತ್ತದೆ.

ನಮ್ಮ ಕರಾವಳಿಯಲ್ಲಿ ಲಿಫ್ಟ್ ವಾಲ್ವ್ ಕೆಡುವುದು ಸ್ಕ್ರೂ ಸಡಿಲವಾಗಿ ಅಲ್ಲ. ಹೆಚ್ಚಿನ ಸಲ ಅದು ಕೆಡುವುದು ಎಣ್ಣೆಯೊಳಗೆ ಸೇರಿದ ನೀರು, ಉಪ್ಪು, ಧೂಳಿನಿಂದ. ಅದಕ್ಕೇ ಈ ಲೇಖನದಲ್ಲಿ ಸ್ಕ್ರೂ ತಿರುಗಿಸುವ ಕೆಲಸ ಕೊನೆಗೆ ಬರುತ್ತದೆ. ಡೀಸೆಲ್ ಗಾಡಿಗೂ ಬ್ಯಾಟರಿ ಗಾಡಿಗೂ ಇಲ್ಲಿ ಹೇಳುವ ಬಹುತೇಕ ವಿಷಯ ಒಂದೇ. ಬ್ಯಾಟರಿ ಗಾಡಿಯಲ್ಲಿ ಪಂಪ್ ತಿರುಗಿಸುವುದು ಮೋಟಾರು, ಅಷ್ಟೇ ವ್ಯತ್ಯಾಸ.

ಎಣ್ಣೆ ಹೋಗುವ ದಾರಿ

ಟ್ಯಾಂಕಿನಿಂದ ಎಣ್ಣೆ ಜಾಲರಿ ಫಿಲ್ಟರ್ ದಾಟಿ ಗೇರ್ ಪಂಪಿಗೆ ಬರುತ್ತದೆ. ಪಂಪ್ ಅದನ್ನು ಲಿವರ್‌ಗಳ ಕೆಳಗಿರುವ ಕಂಟ್ರೋಲ್ ವಾಲ್ವ್‌ಗೆ ತಳ್ಳುತ್ತದೆ. ಆ ಬ್ಲಾಕಿನೊಳಗೆ ಲಿಫ್ಟ್‌ಗೊಂದು, ಟಿಲ್ಟ್‌ಗೊಂದು ಸ್ಪೂಲ್ ಇರುತ್ತದೆ. ಸ್ಪೂಲ್ ಅಂದರೆ ನುಣುಪಾದ ಉಕ್ಕಿನ ಸರಳು. ಲಿವರ್ ಎಳೆದಾಗ ಅದು ಸರಿದು ಎಣ್ಣೆಗೆ ದಾರಿ ಬಿಡುತ್ತದೆ. ಅಲ್ಲಿಂದ ಎಣ್ಣೆ ಮಾಸ್ಟಿನ ಲಿಫ್ಟ್ ಸಿಲಿಂಡರ್‌ಗಳಿಗೆ ಹೋಗುತ್ತದೆ. ಮಾಸ್ಟ್ ಅಂದರೆ ಗಾಡಿಯ ಮುಂದಿನ ನಿಲುಗಂಬ, ಭಾರ ಹೊರುವ ಫೋರ್ಕ್ ಏರಿಳಿಯುವುದು ಅದರ ಮೇಲೆ. ಅದನ್ನು ಹಿಂದೆ ಮುಂದೆ ಬಾಗಿಸುವುದೇ ಟಿಲ್ಟ್.

ಈ ದಾರಿಯಲ್ಲಿ ಹೆಸರು ಗೊತ್ತಿರಬೇಕಾದ ವಾಲ್ವ್‌ಗಳು ನಾಲ್ಕು. ಪ್ರೆಶರ್ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಬಿಡುವುದು ಮೇನ್ ರಿಲೀಫ್ ವಾಲ್ವ್. ಎತ್ತಲು ಶುರು ಮಾಡುವ ಕ್ಷಣದಲ್ಲಿ ಭಾರ ಹಿಂದಕ್ಕೆ ಜಾರದಂತೆ ತಡೆಯುವುದು ಲೋಡ್ ಚೆಕ್ ವಾಲ್ವ್. ಇಳಿಯುವ ವೇಗವನ್ನು ಹಿಡಿತದಲ್ಲಿಡುವುದು ಫ್ಲೋ ರೆಗ್ಯುಲೇಟರ್. ಹೋಸ್ ಒಡೆದರೆ ಮಾಸ್ಟ್ ಒಮ್ಮೆಲೇ ಬೀಳದಂತೆ ಸಿಲಿಂಡರ್ ಬುಡದಲ್ಲಿ ಕೂರುವುದು ಡೌನ್ ಸೇಫ್ಟಿ ವಾಲ್ವ್. ಇವುಗಳಲ್ಲಿ ನಾವು ಹೊಂದಿಸಬಹುದಾದದ್ದು ಸಾಮಾನ್ಯವಾಗಿ ರಿಲೀಫ್ ವಾಲ್ವ್ ಮಾತ್ರ. ಉಳಿದವನ್ನು ಶುಚಿ ಮಾಡಬಹುದು, ಸೀಲ್ ಬದಲಿಸಬಹುದು. ಅದೂ ಆಗದಿದ್ದರೆ ಹೊಸದನ್ನೇ ಹಾಕಬೇಕು.

ಕೈ ಹಾಕುವ ಮೊದಲು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಅಡೆ ಕೊಡಿ. ಫೋರ್ಕ್ ಪೂರ್ತಿ ನೆಲಕ್ಕೆ ಇಳಿಸಿ, ಮಾಸ್ಟನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಫೋರ್ಕಿನ ತುದಿ ನೆಲ ಮುಟ್ಟಲಿ. ಆಮೇಲೆ ಇಂಜಿನ್ ಆಫ್ ಮಾಡಿ, ಎಲ್ಲ ಲಿವರ್‌ಗಳನ್ನೂ ಎರಡೂ ಕಡೆಗೆ ಕೆಲವು ಸಲ ಆಡಿಸಿ. ಪೈಪಿನಲ್ಲಿ ಉಳಿದ ಪ್ರೆಶರ್ ಹೀಗೆ ಇಳಿಯುತ್ತದೆ. ಹೊಸ ಗಾಡಿಗಳಲ್ಲಿ ಡ್ರೈವರ್ ಸೀಟಿನಲ್ಲಿ ಕೂರದೆ ಲಿವರ್ ಕೆಲಸ ಮಾಡುವುದಿಲ್ಲ. ಅಂಥದ್ದರಲ್ಲಿ ಪ್ರೆಶರ್ ಇಳಿಸುವ ಕ್ರಮ ಬೇರೆ ಇರಬಹುದು, ಮ್ಯಾನುವಲ್ ನೋಡಿಯೇ ಮಾಡಿ.

ಮಾಸ್ಟ್ ಎತ್ತಿಟ್ಟು ಕೆಲಸ ಮಾಡಲೇಬೇಕಾದರೆ ಒಳಗಿನ ಮಾಸ್ಟನ್ನು ಗಟ್ಟಿ ಚೈನಿನಿಂದ ಅಡ್ಡಪಟ್ಟಿಗೆ ಕಟ್ಟಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಬರೀ ಎಣ್ಣೆಯ ಮೇಲೆ ನಿಂತ ಮಾಸ್ಟಿನ ಕೆಳಗೆ ಕೈಯನ್ನೂ ಚಾಚಬೇಡಿ. "ಎರಡೇ ನಿಮಿಷದ ಕೆಲಸ" ಅಂದುಕೊಂಡು ಬಗ್ಗಿದಾಗಲೇ ಅನಾಹುತ ಆಗುವುದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಾಣುತ್ತದೆ, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯುತ್ತಾ ಹೋಗುತ್ತದೆ. ಬೆರಳು ಕಳೆದುಕೊಳ್ಳುವ ಗಾಯ ಅದು. ಸೋರಿಕೆ ಹುಡುಕಲು ಕೈ ಆಡಿಸಬೇಡಿ. ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ. ಕಣ್ಣಿಗೆ ಕನ್ನಡಕ ಇರಲಿ. ಒಂದು ವೇಳೆ ಎಣ್ಣೆ ಚುಚ್ಚಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ, "ಹೈಡ್ರಾಲಿಕ್ ಎಣ್ಣೆ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ" ಎಂದು ಡಾಕ್ಟರಿಗೆ ಬಿಡಿಸಿ ಹೇಳಿ. ದೊಡ್ಡ ಆಪರೇಷನ್ ಬೇಕೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಗಂಟೆಗಟ್ಟಲೆ ಹೋಗಬೇಕು. ಇದರಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ, "ನಾಳೆ ನೋಡೋಣ" ಅನ್ನಬೇಡಿ.

ಮೊದಲ ಕೆಲಸ: ಟ್ಯಾಂಕಿನ ಮುಚ್ಚಳ

ಫೋರ್ಕ್ ಮೇಲೆ ಹೋದಾಗ ಟ್ಯಾಂಕಿನ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದು ಬರುವುದು ಬ್ರೀದರ್ ಮುಚ್ಚಳದ ಮೂಲಕ. ಫೋರ್ಕ್ ಇಳಿದಾಗ ಅದೇ ಗಾಳಿ ಹೊರಗೆ ಹೋಗುತ್ತದೆ. ಅಂದರೆ ಪ್ರತಿ ಸಲ ಭಾರ ಎತ್ತಿದಾಗಲೂ ಟ್ಯಾಂಕು ಒಮ್ಮೆ ಉಸಿರೆಳೆದುಕೊಳ್ಳುತ್ತದೆ. ಕಾರವಾರದಲ್ಲಿ ಆ ಉಸಿರಿನಲ್ಲಿ ಉಪ್ಪುಗಾಳಿ ಇರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ರಾತ್ರಿ ಟ್ಯಾಂಕ್ ತಣ್ಣಗಾದಾಗ ಆ ತೇವ ಒಳಗೋಡೆಯ ಮೇಲೆ ಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ಉಪ್ಪಿಲ್ಲ. ಆದರೆ ಗೋದಾಮಿನಲ್ಲಿ ಅಡಿಕೆಯ ಧೂಳು, ಗೋಣಿಯ ಎಳೆ ಬ್ರೀದರಿಗೆ ಮೆತ್ತಿಕೊಳ್ಳುತ್ತವೆ. ಬ್ರೀದರ್ ಕಟ್ಟಿಕೊಂಡರೆ ಟ್ಯಾಂಕಿಗೆ ಉಸಿರೇ ಸಿಗದೆ ಪಂಪಿಗೆ ಎಣ್ಣೆ ಎಳೆಯಲು ಕಷ್ಟವಾಗುತ್ತದೆ. ಆಗ ಅದು ಕರ್ಕಶವಾಗಿ ಕೂಗುತ್ತದೆ.

ಹಾಗಾಗಿ ಮುಚ್ಚಳ ಬಿಚ್ಚಿ ನೋಡಿ. ಬ್ರೀದರ್ ಕಪ್ಪಗಾಗಿದ್ದರೆ, ಒದ್ದೆಯಾಗಿದ್ದರೆ ಬದಲಿಸಿ. ಮುಚ್ಚಳ ಕಳೆದುಹೋಗಿದೆ ಎಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಬಟ್ಟೆ ತುರುಕಿ ಓಡಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬ್ರೀದರಿನ ಬೆಲೆ ವಾಲ್ವ್ ಬ್ಲಾಕಿನ ಬೆಲೆಯ ಮುಂದೆ ಏನೇನೂ ಅಲ್ಲ.

ಆಮೇಲೆ ಎಣ್ಣೆ. ಗಾಡಿ ಸ್ವಲ್ಪ ಓಡಿದ ಮೇಲೆ, ಫೋರ್ಕ್ ನೆಲದಲ್ಲಿದ್ದು ಮಾಸ್ಟ್ ನೇರ ಇದ್ದಾಗ ಮಟ್ಟ ನೋಡಬೇಕು. ಫೋರ್ಕ್ ಮೇಲಿದ್ದಾಗ ನೋಡಿ ಎಣ್ಣೆ ತುಂಬಿಸಿದರೆ, ಇಳಿಸಿದಾಗ ಅದು ಮೇಲಿನಿಂದ ಉಕ್ಕುತ್ತದೆ. ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಎಣ್ಣೆ ಜೇನಿನ ಬಣ್ಣದಲ್ಲಿ ತಿಳಿಯಾಗಿರುತ್ತದೆ. ಹಾಲು ಬೆರೆಸಿದಂತೆ ಮಸುಕಾಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ, ಟ್ಯಾಂಕಿನಿಂದ ಪಂಪಿಗೆ ಎಣ್ಣೆ ತರುವ ಸಕ್ಷನ್ ಪೈಪಿನ ಕ್ಲಿಪ್ ನೋಡಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ತುಂಬಾ ಬಿಸಿಯಾಗಿದೆ. ಅನುಮಾನ ಇದ್ದರೆ ಬಿಸಿ ಮಾಡಿದ ತಗಡಿನ ಮೇಲೆ ಒಂದೇ ಹನಿ ಬಿಡಿ. ಚಟಪಟ ಎಂದು ಸಿಡಿದರೆ ನೀರು ಇದೆ ಎಂದೇ ಅರ್ಥ. ಕನ್ನಡಕ ಹಾಕಿಕೊಂಡು, ಡೀಸೆಲ್, ಪೆಟ್ರೋಲ್‌ನಿಂದ ದೂರ ಮಾಡಿ.

ನೀರು ಸೇರಿದ ಎಣ್ಣೆಯನ್ನು ಪೂರ್ತಿ ಇಳಿಸಿ. ಟ್ಯಾಂಕಿನ ತಳದ ಕೆಸರು ಒರೆಸಿ. ಜಾಲರಿ ಫಿಲ್ಟರ್ ತೊಳೆದು, ವಾಪಸ್ ಬರುವ ಎಣ್ಣೆಯ ಫಿಲ್ಟರ್ ಹೊಸದು ಹಾಕಿ. ನಮ್ಮ ಹವೆಗೆ ಹೆಚ್ಚಿನ ಗಾಡಿಗಳಲ್ಲಿ 46 ಗ್ರೇಡಿನ ಹೈಡ್ರಾಲಿಕ್ ಎಣ್ಣೆ ಬಳಸುತ್ತಾರೆ. ಗ್ರೇಡ್ ಅಂದರೆ ಎಣ್ಣೆ ಎಷ್ಟು ಮಂದ ಎಂಬುದರ ಅಳತೆ. ಸರ್ವೋ ಸಿಸ್ಟಮ್ 46, ಎನ್‌ಕ್ಲೋ 46 ಎಂಬ ಹೆಸರುಗಳು ಅಂಗಡಿಯಲ್ಲಿ ಕೇಳಿರುತ್ತೀರಿ. ಕೆಲವು ಕಂಪನಿಗಳು 32 ಹೇಳುತ್ತವೆ. ನಿಮ್ಮ ಗಾಡಿಯ ಮ್ಯಾನುವಲ್ ಹೇಳಿದ್ದೇ ಅಂತಿಮ. ಇಂಜಿನ್ ಆಯಿಲ್ ಬೆರೆಸಬೇಡಿ, ಹಳೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಹಾಕಬೇಡಿ. ಬಟ್ಟೆಯಲ್ಲಿ ನೀರೂ ನಿಲ್ಲುವುದಿಲ್ಲ, ಸ್ಪೂಲನ್ನು ಗೀರುವ ಸಣ್ಣ ಕಣವೂ ನಿಲ್ಲುವುದಿಲ್ಲ. ಕಂಪನಿ ಹೇಳಿದ ಗಂಟೆ ಲೆಕ್ಕ ಒಣ ಊರಿಗೆ ಸರಿ. ಬಂದರಿನಲ್ಲಿ ದುಡಿಯುವ ಗಾಡಿಗೆ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಎಣ್ಣೆ ಪರೀಕ್ಷೆ ಮಾಡುವುದು ಒಳ್ಳೆಯದು.

ಎಷ್ಟೋ ಗಾಡಿಗಳ "ವಾಲ್ವ್ ತೊಂದರೆ" ಇಲ್ಲಿಗೇ ಮುಗಿಯುತ್ತದೆ.

ಲಕ್ಷಣ ಓದುವುದು

ಎಣ್ಣೆ ಸರಿಯಿದ್ದೂ ತೊಂದರೆ ಉಳಿದರೆ ಡ್ರೈವರನ್ನು ಕೇಳಿ. ದಿನವಿಡೀ ಲಿವರ್ ಹಿಡಿಯುವವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಸರಿಯಾದ ಪ್ರಶ್ನೆ ಕೇಳಬೇಕು, ಅಷ್ಟೇ.

ಖಾಲಿ ಫೋರ್ಕ್ ಕೂಡ ನಿಧಾನವೇ? ಹಾಗಿದ್ದರೆ ಎಣ್ಣೆಯ ಹರಿವು ಕಡಿಮೆ. ಜಾಲರಿ ಕಟ್ಟಿದೆ, ಎಣ್ಣೆ ಕಡಿಮೆ ಇದೆ, ಇಂಜಿನ್ ಆಕ್ಸಿಲರೇಟರ್ ಪೂರ್ತಿ ಏರುತ್ತಿಲ್ಲ, ಇಲ್ಲವೇ ಲಿವರಿನ ಕೊಂಡಿ ಸವೆದು ಸ್ಪೂಲ್ ಪೂರ್ತಿ ಸರಿಯುತ್ತಿಲ್ಲ. ಖಾಲಿ ಇದ್ದಾಗ ಚುರುಕು, ಭಾರ ಇಟ್ಟರೆ ಮಾತ್ರ ಏಳುವುದಿಲ್ಲವೇ? ಆಗ ಪ್ರೆಶರಿನ ಪ್ರಶ್ನೆ: ರಿಲೀಫ್ ವಾಲ್ವ್ ಅಥವಾ ಪಂಪ್. ಟಿಲ್ಟ್ ಬಲವಾಗಿದ್ದು ಲಿಫ್ಟ್ ಮಾತ್ರ ಸೋತಿದ್ದರೆ ಪಂಪನ್ನು ಬೈಯಬೇಡಿ, ಲಿಫ್ಟ್ ಸ್ಪೂಲ್ ಅಥವಾ ಸಿಲಿಂಡರ್ ಕಡೆ ನೋಡಿ. ಬೆಳಿಗ್ಗೆ ಚೆನ್ನಾಗಿ ಎತ್ತಿ ಮಧ್ಯಾಹ್ನದ ಹೊತ್ತಿಗೆ ಸೋಲುತ್ತದೆ ಅಂದರೆ ಪಂಪ್ ಸವೆದಿರುವುದೇ ಜಾಸ್ತಿ. ಬಿಸಿಯಾಗಿ ತೆಳುವಾದ ಎಣ್ಣೆ ಸವೆದ ಗೇರಿನ ಸಂದಿಯಲ್ಲಿ ಹಿಂದಕ್ಕೆ ಜಾರುತ್ತದೆ.

ಇನ್ನೊಂದು ಲಕ್ಷಣವನ್ನು ಹತ್ತಿರದಿಂದ ನೋಡಬೇಕು. ಸ್ವಲ್ಪ ಭಾರ ಇಟ್ಟು ಫೋರ್ಕನ್ನು ಮೊಣಕಾಲೆತ್ತರಕ್ಕೆ ಎತ್ತಿ ನಿಲ್ಲಿಸಿ. ಇಂಜಿನ್ ನಿಧಾನವಾಗಿ ಓಡುತ್ತಿರಲಿ. ಈಗ ಲಿಫ್ಟ್ ಲಿವರನ್ನು ಮೆಲ್ಲಗೆ, ಅರ್ಧದಷ್ಟೇ ಎಳೆಯಿರಿ. ಭಾರ ಮೇಲೇಳುವ ಮೊದಲು ಒಮ್ಮೆ ಕೆಳಗೆ ಕುಸಿದು ಆಮೇಲೆ ಏರಿದರೆ ಲೋಡ್ ಚೆಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅದರ ಸೀಟಿನ ಮೇಲೆ ಕಸ ಕೂತಿರಬಹುದು, ಸ್ಪ್ರಿಂಗ್ ಸೋತಿರಬಹುದು. ಆದರೆ ಲಿವರ್ ಮುಟ್ಟದೇ ನಿಂತಾಗ ಫೋರ್ಕ್ ತಾನಾಗಿ ಇಳಿಯುತ್ತಿದ್ದರೆ ಅದು ಲೋಡ್ ಚೆಕ್‌ನ ತಪ್ಪಲ್ಲ. ಆಗ ಭಾರ ಹಿಡಿದಿರುವುದು ಸ್ಪೂಲ್ ಮತ್ತು ಸಿಲಿಂಡರ್ ಸೀಲ್. ಈ ಎರಡನ್ನೂ ಒಂದೇ ಎಂದುಕೊಂಡು ಸುಮ್ನೆ ದುಡ್ಡು ಕಳೆಯುವುದು ನಮ್ಮಲ್ಲಿ ಬಹಳ.

ತಾನಾಗಿ ಇಳಿಯುವುದನ್ನು ಅಳೆಯಬಹುದು. ಎಣ್ಣೆ ಬಿಸಿಯಾದ ಮೇಲೆ, ಗಾಡಿಯ ಪ್ಲೇಟಿನ ಮೇಲೆ ಬರೆದಷ್ಟೇ ಭಾರ ಇಟ್ಟು ಎತ್ತಿ, ಇಂಜಿನ್ ಆಫ್ ಮಾಡಿ. ಮಾಸ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸುತ್ತ ಯಾರೂ ಬರದಂತೆ ಹಗ್ಗ ಕಟ್ಟಿ 10 ನಿಮಿಷ ಬಿಡಿ. ಅಂತಾರಾಷ್ಟ್ರೀಯ ಸುರಕ್ಷಾ ಮಾನದಂಡ ಒಪ್ಪುವ ಗರಿಷ್ಠ ಇಳಿತ 100 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಇಳಿದರೆ ಗಾಡಿಯನ್ನು ಕೆಲಸಕ್ಕೆ ಬಿಡಬಾರದು.

ತಪ್ಪು ವಾಲ್ವ್‌ನದೋ ಸಿಲಿಂಡರ್‌ನದೋ ಹೇಗೆ ತಿಳಿಯುವುದು? ಹಲವು ಗಾಡಿಗಳಲ್ಲಿ ಲಿಫ್ಟ್ ಸಿಲಿಂಡರಿನ ಮೇಲ್ತುದಿಯಿಂದ ಟ್ಯಾಂಕಿಗೆ ಒಂದು ಸಣ್ಣ ಪೈಪ್ ಹೋಗುತ್ತದೆ. ಫೋರ್ಕ್ ನೆಲದಲ್ಲಿರುವಾಗ ಅದನ್ನು ಬಿಚ್ಚಿ, ಟ್ಯಾಂಕಿನ ಕಡೆಯ ಬಾಯಿಗೆ ಬಿರಡೆ ಹಾಕಿ, ಸಿಲಿಂಡರಿನ ಕಡೆಗೆ ಉದ್ದನೆಯ ಪಾರದರ್ಶಕ ಪೈಪ್ ಸಿಕ್ಕಿಸಿ ಪಕ್ಕದ ಬಾಟಲಿಗೆ ಬಿಡಿ. ಭಾರ ಎತ್ತುವಾಗ ಸ್ವಲ್ಪ ಎಣ್ಣೆ ಬರುವುದು ಸಹಜ. ಎತ್ತಿ ನಿಲ್ಲಿಸಿದ ಮೇಲೂ ಬರುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಬಾಟಲಿಗೆ ಹನಿ ಬರುತ್ತಿಲ್ಲ, ಹೊರಗೂ ಸೋರಿಕೆಯಿಲ್ಲ, ಆದರೂ ಫೋರ್ಕ್ ಇಳಿಯುತ್ತಿದೆ ಎಂದರೆ ಎಣ್ಣೆ ಸ್ಪೂಲಿನ ಮೂಲಕವೇ ಜಾರುತ್ತಿದೆ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಪರೀಕ್ಷಿಸಿ.

ಸ್ಪೂಲ್ ಮತ್ತು ಕೊಂಡಿಗಳು

ವಾಲ್ವ್ ಬಿಚ್ಚುವ ಮೊದಲು ಹೊರಗೆ ನೋಡಿ. ಲಿವರ್ ಬಿಟ್ಟ ಕೂಡಲೇ ನಡುವಿಗೆ ವಾಪಸ್ ಬರುತ್ತದೆಯೇ? ಬಂದರಿನ ಗಾಡಿಗಳಲ್ಲಿ ಕೊಂಡಿಯ ಪಿನ್ನುಗಳು ತುಕ್ಕು ಹಿಡಿದು ಬಿಗಿಯಾಗುತ್ತವೆ. ಸ್ಪ್ರಿಂಗ್ ಎಷ್ಟು ತಳ್ಳಿದರೂ ಸ್ಪೂಲ್ ಕೂದಲೆಳೆಯಷ್ಟು ಆಚೆ ನಿಲ್ಲುತ್ತದೆ. ಅಷ್ಟು ಸಾಕು, ಫೋರ್ಕ್ ಇಳಿಯತೊಡಗುತ್ತದೆ. ಪಿನ್ ಬಿಚ್ಚಿ, ತುಕ್ಕು ತೆಗೆದು, ಗ್ರೀಸ್ ಹಚ್ಚಿ ಮತ್ತೆ ನೋಡಿ. ಸ್ಪೂಲಿನ ಹೊರಗೆ ಕಾಣುವ ತುದಿಗೂ ವಾರಕ್ಕೊಮ್ಮೆ ಗ್ರೀಸ್ ಸವರಿ. ಸಿಲಿಂಡರ್ ರಾಡ್ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ ಅದು ಪ್ರತಿ ಸಲ ಸೀಲನ್ನು ಕೊರೆಯುತ್ತದೆ. ಅದಕ್ಕೇ ರಾತ್ರಿ ಗಾಡಿ ನಿಲ್ಲಿಸುವಾಗ ಫೋರ್ಕ್ ಪೂರ್ತಿ ಇಳಿಸಿ, ಸೂರಿನಡಿ ನಿಲ್ಲಿಸಿ. ಐಸ್ ನೀರು, ಮೀನಿನ ನೀರು ಸಿಡಿದ ಮಾಸ್ಟನ್ನು ಸಿಹಿನೀರಿನಲ್ಲಿ ತೊಳೆಯಿರಿ. ಬ್ರೀದರ್ ಮತ್ತು ವಾಲ್ವ್ ಬ್ಲಾಕಿನ ಮೇಲೆ ಮಾತ್ರ ಪ್ರೆಶರ್ ವಾಷರ್ ಹಿಡಿಯಬೇಡಿ.

ಬಿಚ್ಚಲೇಬೇಕಾದರೆ ಶುಚಿಯಾದ ಟೇಬಲ್ ಬೇಕು. ಅಂಗಳದಲ್ಲಿ ಕೂತು ಮಾಡುವ ಕೆಲಸ ಇದಲ್ಲ. ಮೊದಲು ಬ್ಲಾಕಿನ ಫೋಟೋ ತೆಗೆದುಕೊಳ್ಳಿ, ಪೈಪುಗಳಿಗೆ ಗುರುತು ಕಟ್ಟಿ, ತೆರೆದ ಬಾಯಿಗಳಿಗೆಲ್ಲ ಬಿರಡೆ ಹಾಕಿ. ಸ್ಪೂಲನ್ನು ಅದರ ರಂಧ್ರಕ್ಕೆ ಮೈಕ್ರಾನ್ ಲೆಕ್ಕದಲ್ಲಿ ಹೊಂದಿಸಿ ಮಾಡಿರುತ್ತಾರೆ. ಲಿಫ್ಟಿನ ಸ್ಪೂಲನ್ನು ಟಿಲ್ಟಿಗೆ ಹಾಕುವಂತಿಲ್ಲ, ತಿರುಗಾಮುರುಗಾ ಹಾಕುವಂತೆಯೂ ಇಲ್ಲ. ಎಮರಿ ಪೇಪರ್ ಉಜ್ಜಿದರೆ ಅದರ ಕಥೆ ಮುಗಿಯಿತು. ಶುಚಿಯಾದ ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಕಾಟನ್ ವೇಸ್ಟ್ ಬೇಡ, ಅದರ ಒಂದು ಎಳೆ ಲೋಡ್ ಚೆಕ್ ಸೀಟಿನ ಮೇಲೆ ಕೂತರೆ ಮತ್ತೆ ಅದೇ ತೊಂದರೆ. ಸ್ಪೂಲ್ ಮೇಲೆ ಉಗುರು ಸಿಕ್ಕುವಂಥ ಗೀರು ಇದ್ದರೆ ಸೀಲ್ ಕಿಟ್ಟಿನಿಂದ ಉಪಯೋಗವಿಲ್ಲ, ಬ್ಲಾಕಿನ ಆ ಭಾಗವನ್ನೇ (ಸೆಕ್ಷನ್) ಬದಲಿಸಬೇಕು. ಗೀರಿಲ್ಲದಿದ್ದರೆ ಹೊಸ ಓ ರಿಂಗ್‌ಗಳಿಗೆ ಹೈಡ್ರಾಲಿಕ್ ಎಣ್ಣೆ ಸವರಿ, ಸ್ಪೂಲನ್ನು ತಿರುಗಿಸುತ್ತಾ ಮೆಲ್ಲಗೆ ಒಳಗೆ ಬಿಡಿ. ತನ್ನ ಪಾಡಿಗೆ ಜಾರಿಕೊಂಡು ಹೋಗಬೇಕು, ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ.

ಸೆಕ್ಷನ್‌ಗಳನ್ನು ಜೋಡಿಸುವ ಉದ್ದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಸ್ವಲ್ಪ ಸ್ವಲ್ಪವೇ, ಸರದಿಯಂತೆ ಬಿಗಿಯಿರಿ. ಒಂದೇ ಕಡೆ ಜಾಸ್ತಿ ಬಿಗಿದರೆ ಬ್ಲಾಕ್ ತುಸು ತಿರುಚಿಕೊಂಡು ಸ್ಪೂಲ್ ಹಿಡಿದುಕೊಳ್ಳುತ್ತದೆ. ಬಿಗಿದ ಮೇಲೆ ಪ್ರತಿ ಸ್ಪೂಲ್ ಕೈಯಲ್ಲಿ ಸರಿದು ವಾಪಸ್ ಬರುತ್ತದೆಯೇ ನೋಡಿ. ಫಿಟ್ಟಿಂಗ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರು ನೇರವಾಗಿ ವಾಲ್ವಿಗೇ ಹೋಗುತ್ತದೆ.

ಈಗ ಪ್ರೆಶರ್

ಗೇಜ್ ಇಲ್ಲದೆ ರಿಲೀಫ್ ಸ್ಕ್ರೂ ಮುಟ್ಟಬೇಡಿ. 2ರಿಂದ 3 ಟನ್ನಿನ ಗಾಡಿಗಳಲ್ಲಿ ಲಿಫ್ಟ್ ಪ್ರೆಶರ್ ಸಾಮಾನ್ಯವಾಗಿ 175ರಿಂದ 185 ಬಾರ್ ಆಸುಪಾಸಿನಲ್ಲಿರುತ್ತದೆ, ಆದರೆ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಆದ್ದರಿಂದ ಮ್ಯಾನುವಲ್‌ನ ಅಂಕಿ ಬೇಕೇ ಬೇಕು. ಗೇಜ್ 0ರಿಂದ 250 ಬಾರ್ ಅಥವಾ ಅದಕ್ಕಿಂತ ಮೇಲಿನದಿರಲಿ.

1. ಪ್ರೆಶರ್ ಪೂರ್ತಿ ಇಳಿಸಿ, ವಾಲ್ವಿನ ಟೆಸ್ಟ್ ಪೋರ್ಟಿಗೆ ಗೇಜ್ ಜೋಡಿಸಿ. ಟೆಸ್ಟ್ ಪೋರ್ಟ್ ಇಲ್ಲದಿದ್ದರೆ ಪಂಪಿನಿಂದ ಬರುವ ಪೈಪಿಗೆ, ಅಷ್ಟು ಪ್ರೆಶರ್ ತಾಳುವ ಟೀ ಫಿಟ್ಟಿಂಗ್ ಹಾಕಿ.

2. ಖಾಲಿ ಫೋರ್ಕನ್ನು ಹಲವು ಸಲ ಎತ್ತಿ ಇಳಿಸಿ ಎಣ್ಣೆಯನ್ನು 50 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತನ್ನಿ. ತಣ್ಣಗಿನ ಎಣ್ಣೆಯಲ್ಲಿ ನೋಡಿದ ಅಂಕಿ ನಂಬುವಂಥದ್ದಲ್ಲ.

3. ಇಂಜಿನ್ ಮ್ಯಾನುವಲ್ ಹೇಳಿದ ವೇಗದಲ್ಲಿರಲಿ. ಮಾಸ್ಟ್ ಪೂರ್ತಿ ಮೇಲೆ ಮುಟ್ಟಿದ ಮೇಲೂ ಲಿಫ್ಟ್ ಲಿವರ್ ಹಿಡಿದು ಗೇಜ್ ಓದಿ. ಐದಾರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಎಣ್ಣೆ ಬೇಗ ಕಾಯುತ್ತದೆ. ಮೇಲೆ ಸೂರು, ವೈರ್ ತಾಗದಂತೆ ನೋಡಿಕೊಳ್ಳಿ.

4. ಅಂಕಿ ಸರಿಯಿದ್ದರೆ ಅಲ್ಲಿಗೇ ಬಿಡಿ. ಕಡಿಮೆಯಿದ್ದರೆ ಫೋರ್ಕ್ ಇಳಿಸಿ, ಇಂಜಿನ್ ನಿಲ್ಲಿಸಿ, ಸ್ಕ್ರೂ ಇರುವ ಜಾಗಕ್ಕೆ ಪೇಂಟಿನ ಗುರುತು ಹಾಕಿ. ಲಾಕ್ ನಟ್ ಸಡಿಲಿಸಿ ಅಲನ್ ಕೀಯಿಂದ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಪ್ರೆಶರ್ ಏರುತ್ತದೆ. ನಟ್ ಬಿಗಿದು ಮತ್ತೆ ಓದಿ.

ಹೀಗೆ ಸ್ವಲ್ಪ ಸ್ವಲ್ಪವೇ ಒಟ್ಟು ಒಂದು ಸುತ್ತು ತಿರುಗಿಸಿದರೂ ಗೇಜಿನ ಮುಳ್ಳು ಏಳದಿದ್ದರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂ ಮೊದಲಿನ ಗುರುತಿಗೆ ತನ್ನಿ. ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ತೆರೆದೇ ಕೂತಿದೆ, ಇಲ್ಲವೇ ಪಂಪ್ ಸೋತಿದೆ. ವಾಲ್ವ್ ತೆಗೆದು ತೊಳೆದು ನೋಡಿ.

ಪ್ಲೇಟಿನ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಎತ್ತಲು ಪ್ರೆಶರ್ ಏರಿಸಿ ಎಂದು ಮಾಲೀಕರು ಕೇಳಿದರೆ ಒಪ್ಪಬೇಡಿ. 1 ಟನ್ನಿನಿಂದ 5 ಟನ್ನಿನೊಳಗಿನ ಗಾಡಿಯ ತೂಕದ ಲೆಕ್ಕ, ಭಾರದ ನಡುಬಿಂದು ಫೋರ್ಕಿನ ಬುಡದಿಂದ 500 ಮಿಲಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡು ಮಾಡಿದ್ದು. ಅದಕ್ಕಿಂತ ಉದ್ದದ ಸರಕಿಗೆ ಗಾಡಿಯ ಶಕ್ತಿ ಇನ್ನೂ ಕಡಿಮೆ. ಜಾಸ್ತಿ ಎತ್ತಿದಾಗ ಹಿಂದಿನ ಗಾಲಿ ಹಗುರವಾಗುತ್ತದೆ. ಸ್ಟೇರಿಂಗ್ ಇರುವುದು ಆ ಗಾಲಿಗೇ. ರಿಲೀಫ್ ವಾಲ್ವ್ "ಇನ್ನು ಆಗದು" ಎಂದು ನಿಲ್ಲಿಸುವುದು ಡ್ರೈವರನ ಜೀವ ಕಾಯಲು.

ಇಳಿಯುವುದು ನಿಧಾನ ಎಂದು ಫ್ಲೋ ರೆಗ್ಯುಲೇಟರ್ ಕಿತ್ತೆಸೆಯುವುದೂ ಇದೇ ಬಗೆಯ ತಪ್ಪು. ಪೂರ್ತಿ ಭಾರದಲ್ಲಿ ಇಳಿಯುವ ವೇಗ ಸೆಕೆಂಡಿಗೆ 0.6 ಮೀಟರ್ ಮೀರಬಾರದು. ಬಿಚ್ಚಿ ತೊಳೆದರೆ ಅದರ ಮೈಮೇಲಿನ ಬಾಣದ ಗುರುತು ನೋಡಿ, ಮೊದಲಿದ್ದ ದಿಕ್ಕಿಗೇ ಹಾಕಿ.

ಮಳೆಗಾಲದ ಮೊದಲು ತಂದಿಡಿ

ಬಿಡಿಭಾಗ ನಮಗೆ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರಬೇಕು. ಮಳೆ ಜೋರಾದರೆ ಘಟ್ಟದ ದಾರಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೇ ಮುಗಿಯುವುದರೊಳಗೆ ನಿಮ್ಮ ಮಾಡೆಲ್ಲಿನ ವಾಲ್ವ್ ಸೀಲ್ ಕಿಟ್, ಲಿಫ್ಟ್ ಸಿಲಿಂಡರ್ ಸೀಲ್ ಕಿಟ್, ಬ್ರೀದರ್, ಒಂದು ಫಿಲ್ಟರ್ ಮತ್ತು ಬಾಯಿ ತೆರೆಯದ ಎಣ್ಣೆಯ ಡಬ್ಬ ತಂದಿಡಿ. ಕಿಟ್ ಕೇಳುವಾಗ ಗಾಡಿಯ ಸೀರಿಯಲ್ ನಂಬರ್ ಜೊತೆಗೆ ವಾಲ್ವ್ ಬ್ಲಾಕಿನ ಮೇಲಿನ ನಂಬರನ್ನೂ ಕೊಡಿ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ವಾಲ್ವ್ ಬಂದಿರುತ್ತವೆ.

ಕೆಲಸ ಮುಗಿದ ಮೇಲೆ ಗೇಜಿನ ಅಂಕಿ, 10 ನಿಮಿಷದ ಇಳಿತ, ಗಂಟೆ ಮೀಟರಿನ ಓದು ಮತ್ತು ತಾರೀಖನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಗಾಡಿ ಸೋತಿದೆ ಎಂದು ಕರೆದಾಗ, ಪಾನಾ ಎತ್ತುವ ಮೊದಲು ಆ ಪುಟ ತೆರೆದು ಹಳೆಯ ಅಂಕಿಗಳ ಜೊತೆ ಹೋಲಿಸಿ ನೋಡಿ.